ಮೇ ತಿಂಗಳ ಆಯುಧಪೂಜೆ

ಈ ವರ್ಷ ಮೇ ಒಂದರ ಬೆಳಿಗ್ಗೆ ನಮ್ಮ ಅಂಗಡಿಯ ಯಜಮಾನರು ವಾಟ್ಸಾಪಿನಲ್ಲಿ ಸ್ಟೇಟಸ್ ಹಾಕಿದ್ದರು. ಕೆಂಪು ಬಣ್ಣದ ಮೇಲೆ ಎತ್ತಿದ ಮುಷ್ಟಿಯ ಚಿತ್ರ, ಪಕ್ಕದಲ್ಲಿ ಜರಿ ಶಲ್ಯ ಹೊದ್ದು ಕೈ ಮುಗಿದು ನಿಂತ ಅವರದೇ ಫೋಟೊ, ಕೆಳಗೆ 'ಸಮಸ್ತ ಶ್ರಮಿಕ ಬಂಧುಗಳಿಗೆ ಕಾರ್ಮಿಕರ ದಿನಾಚರಣೆಯ ಹಾರ್ದಿಕ ಶುಭಾಶಯಗಳು'. ನೋಡಿ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿದುಹೋಯಿತು. ಬಂಧುಗಳಂತೆ! ಹೋದ ವರ್ಷ ಇದೇ ರಜೆ ಕೇಳಿದ ತಪ್ಪಿಗೆ ಒಬ್ಬ ಬಂಧುವನ್ನು ಅಂಗಡಿಯಿಂದ ಆಚೆ ಹಾಕಿದ್ದರು. ಈ ರಜೆ ಅವರು ಕೊಟ್ಟದ್ದಲ್ಲ, ನಾವು ಕಸಿದುಕೊಂಡದ್ದು. ನಾನು ಬಾಯಿ ಮುಚ್ಚಿಕೊಂಡು ಕೂತರೆ ಇನ್ನು ನಾಲ್ಕು ವರ್ಷಕ್ಕೆ ಅವರೇ ದೊಡ್ಡ ಮನಸ್ಸು ಮಾಡಿ ಕೊಟ್ಟರು ಅಂತ ಊರೆಲ್ಲ ನಂಬಿಬಿಡುತ್ತದೆ. ಅದಕ್ಕೇ ಹೇಳುತ್ತಿದ್ದೇನೆ.

ನಾನು ಹೊಲಿಗೆಯವಳು. ಲಷ್ಕರ್ ಮೊಹಲ್ಲಾದಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಲೇಡೀಸ್ ಟೈಲರ್ ಅಂಗಡಿ ಇದೆ, ಅಲ್ಲಿ ಬಹಳ ವರ್ಷಗಳಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಬೋರ್ಡಿನ ಮೇಲೆ ಇರುವುದು ಯಜಮಾನರ ತಂದೆಯ ಹೆಸರು. ಬಟ್ಟೆ ಕತ್ತರಿಸುವವರು ಯಜಮಾನರು. ಅಲ್ಲಿಂದಾಚೆಗೆ ತೋಳು, ಕತ್ತು, ಲೈನಿಂಗು, ಕೊಕ್ಕೆ ಎಲ್ಲ ನಮ್ಮ ಹೆಂಗಸರದೇ ಕೈ. ಒಂಟಿಕೊಪ್ಪಲಿನಿಂದ, ಸಿದ್ಧಾರ್ಥನಗರದಿಂದ ಗಿರಾಕಿಗಳು ಆಟೊ ಮಾಡಿಕೊಂಡು ಬರುತ್ತಾರೆ. ಬಂದವರು 'ನಿಮ್ಮ ಕೈಯಲ್ಲಿ ಏನಿದೆಯೋ ಸಾರ್, ಫಿಟ್ಟಿಂಗ್ ಅಂದ್ರೆ ನಿಮ್ದೇ' ಅಂತ ಯಜಮಾನರನ್ನು ಹೊಗಳಿ ಹೋಗುತ್ತಾರೆ. ಅವರು ತಲೆ ತಗ್ಗಿಸಿ ನಾಚಿಕೊಳ್ಳುತ್ತಾರೆ. ಅವರ ಹಿಂದೆ ಕೂತು ನಾವು ದಾರ ಕಡಿಯುತ್ತಿರುತ್ತೇವೆ.

ಕಿಟಕಿಯ ಪಕ್ಕದ ಮಶೀನು ದೊಡ್ಡಕ್ಕನದು. ಅವಳು ನನಗೆ ಅಕ್ಕನೂ ಅಲ್ಲ, ನೆಂಟಳೂ ಅಲ್ಲ. ಅಂಗಡಿಯಲ್ಲಿ ಎಲ್ಲರಿಗಿಂತ ಹಿರಿಯಳಾದ್ದರಿಂದ ಹಾಗೆ ಕರೆಯುತ್ತೇವೆ. ಅವಳ ಎದುರು ಕೂರುವವರನ್ನು ಆಪಾ ಅನ್ನುತ್ತೇವೆ, ಉರ್ದುವಿನಲ್ಲಿ ಅಕ್ಕ ಅಂತ. ನಮ್ಮ ಅಂಗಡಿಯ ಬಾಯಿ ಅವರೇ. ಅವರು ಸುಮ್ಮನಿದ್ದರೆ ಜ್ವರ ಬಂದಿದೆ ಅಂತಲೇ ಅರ್ಥ. ನಡುವೆ ನಾನು. ಅಂಗಡಿ ಬೀಗದ ಕೈ ಇರುವುದು ನನ್ನ ಹತ್ತಿರ, ಯಾಕೆಂದರೆ ನನ್ನ ಮನೆ ಹಿಂದಿನ ಗಲ್ಲಿಯಲ್ಲೇ. ಬೆಳಿಗ್ಗೆ ಬಾಗಿಲು ತೆಗೆದು ಗುಡಿಸಿ ನೀರು ಹಾಕುವುದೂ ನಾನೇ. ಯಜಮಾನರು ಮನೆಯಲ್ಲಿ ದೇವರ ಪೂಜೆಯೆಲ್ಲ ಸಾವಕಾಶವಾಗಿ ಮುಗಿಸಿಕೊಂಡು ಬರುತ್ತಾರೆ.

ದೊಡ್ಡಕ್ಕ ಮೊದಲು ಊರಾಚೆಯ ಒಂದು ನೂಲಿನ ಮಿಲ್ಲಿನಲ್ಲಿದ್ದವಳು. ಮಿಲ್ಲು ಬಾಗಿಲು ಹಾಕಿದ ಮೇಲೆ ಹೊಲಿಗೆ ಕಲಿತು ಇಲ್ಲಿಗೆ ಬಂದಳು. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮಗಳು ಕಾಯಿಲೆಯವಳು, ಮೊಮ್ಮಗಳು ಇನ್ನೂ ಶಾಲೆಗೆ ಹೋಗುವವಳು. ಆ ಮನೆಯಲ್ಲಿ ದುಡಿಯುವವಳು ಇವಳೊಬ್ಬಳೇ. ಕನ್ನಡಕ ಹಾಕಿಕೊಂಡರೂ ಸೂಜಿಗೆ ದಾರ ಪೋಣಿಸಲು ನಮ್ಮನ್ನು ಕರೆಯುತ್ತಾಳೆ. ಹೊಲಿಗೆ ಮಾತ್ರ ಇವತ್ತಿಗೂ ನೆಟ್ಟಗೆ ಬೀಳುತ್ತದೆ, ಆದರೆ ಹೊಸ ಅಂಗಡಿಯವರು ಹೊಲಿಗೆ ನೋಡುವ ಮೊದಲು ಕನ್ನಡಕ ನೋಡುತ್ತಾರೆ. ಇಲ್ಲಿಂದ ಹೊರಗೆ ಹೋದರೆ ಅವಳಿಗೆ ಇನ್ನೊಂದು ಮಶೀನು ಸಿಗುವುದಿಲ್ಲ. ಇದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು, ಯಜಮಾನರಿಗೂ ಚೆನ್ನಾಗಿ ಗೊತ್ತಿತ್ತು.

ಮಿಲ್ಲಿನಲ್ಲಿದ್ದಾಗ ಮೇ ಒಂದು ಬಂತೆಂದರೆ ಗೇಟಿನ ಮುಂದೆ ಬಾವುಟ ಹಾರಿಸಿ, ಭಾಷಣ ಮಾಡಿ, ಬೂಂದಿ ಹಂಚಿ ಮನೆಗೆ ಕಳಿಸುತ್ತಿದ್ದರಂತೆ. ಪ್ರತಿ ವರ್ಷವೂ ಅದೇ ಭಾಷಣ. ಕೇಳಿ ಕೇಳಿ ದೊಡ್ಡಕ್ಕನಿಗೆ ಅದು ಬಾಯಿಪಾಠವಾಗಿತ್ತು. ಟೀ ಕುಡಿಯುವ ಹೊತ್ತಿನಲ್ಲಿ ಅವಳು ಅದನ್ನು ಹೇಳುವ ಚೆಂದ ಕೇಳಬೇಕು.

"ಚಿಕಾಗೊ ಅಂತ ಒಂದೂರು ಕಣ್ರವ್ವಾ, ಅಮೆರಿಕದಲ್ಲಿ. ನಮ್ಮಜ್ಜಿ ಉಟ್ಟೋಕ್ ಮುಂಚೆ ಮಾತು. ಬೆಳಗ್ಗೆ ಕತ್ಲಲ್ಲೋದ್ರೆ ರಾತ್ರಿ ಕತ್ಲಲ್ ಬರಾದು. ಸಾಕಾಯ್ತು ಜನುಕ್ಕೆ. ಎಂಟ್ ಗಂಟೆ ಕೆಲ್ಸ, ಎಂಟ್ ಗಂಟೆ ನಿದ್ದೆ, ಉಳ್ದಿದ್ ಎಂಟ್ ಗಂಟೆ ನಮ್ಮಿಷ್ಟ ಅಂತ ಮೇ ಒಂದ್ನೇ ತಾರೀಕು ಕೆಲ್ಸ ನಿಲ್ಲುಸ್ಬುಟ್ರು. ಪೋಲೀಸ್ನೋರು ಗುಂಡು ಆರುಸುದ್ರು. ಅದುಕ್ಕೆ ಸಭೆ ಸೇರುದ್ರೆ, ಅಲ್ಲಿ ಯಾವನೋ ಬಾಂಬ್ ಎಸ್ದ. ಯಾರು ಎಸ್ದಿದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಗಲ್ಲಿಗಾಕಿದ್ದು ಮಾತ್ರ ಭಾಷಣ ಮಾಡುದ್ರಲ್ಲಾ, ಅವ್ರುನ್ನ."

"ಅರೆ, ಗಲ್ಲಿಗೆ ಹಾಕಿದ್ದಕ್ಕೆ ಲಾಡು ಹಂಚ್ತಿದ್ರಾ ನಿಮ್ ಮಿಲ್ಲಲ್ಲಿ?" ಅಂತ ಆಪಾ ರೇಗಿಸುತ್ತಿದ್ದರು.

"ಲಾಡಲ್ಲ ಕಣೆ, ಬೂಂದಿ. ಸುಮ್ನಿರು, ಮುಗ್ಸುಬುಡ್ತೀನಿ."

ಆಮೇಲೆ ಬೇರೆ ಬೇರೆ ದೇಶದ ಕೂಲಿಯವರ ಮುಖಂಡರು ಪ್ಯಾರಿಸ್ಸಿನಲ್ಲಿ ಸೇರಿ, ಆ ದಿನವನ್ನು ಎಲ್ಲ ಕಡೆಯೂ ನಡೆಸೋಣ ಅಂತ ಮಾತಾಡಿಕೊಂಡರಂತೆ. ನಮ್ಮ ದೇಶದಲ್ಲಿ ಮೊದಲ ಸಲ ಮದರಾಸಿನ ಕಡಲ ದಂಡೆಯಲ್ಲಿ ಬಾವುಟ ಏರಿಸಿದರಂತೆ. ಇದನ್ನೆಲ್ಲ ನಾನು ಮಗಳ ಫೋನಿನಲ್ಲಿ ಹುಡುಕಿಸಿ ನೋಡಿದೆ, ದೊಡ್ಡಕ್ಕ ಹೇಳಿದ್ದು ಸರಿಯಾಗಿಯೇ ಇತ್ತು. ತಮಾಷೆ ಏನೆಂದರೆ ಅದು ಹುಟ್ಟಿದ ಅಮೆರಿಕದಲ್ಲೇ ಮೇ ಒಂದಕ್ಕೆ ರಜೆ ಇಲ್ಲವಂತೆ. ಅಲ್ಲಿ ಸೆಪ್ಟೆಂಬರಿನಲ್ಲಿ ಬೇರೆ ಯಾವುದೋ ದಿನ ಕೊಟ್ಟು ಕೈ ತೊಳೆದುಕೊಂಡಿದ್ದಾರೆ. ಹಾಗಾದರೆ ಅಲ್ಲಿಯ ಯಜಮಾನರೂ ನಮ್ಮ ಯಜಮಾನರ ಹಾಗೆಯೇ ಅಂತ ನನಗೆ ಆಗಲೇ ಅನಿಸಿತ್ತು.

ನಮ್ಮ ಯಜಮಾನರು ಕೆಟ್ಟವರಲ್ಲ. ಅದೇ ಕಷ್ಟ ನೋಡಿ. ಕೆಟ್ಟವರಾಗಿದ್ದರೆ ಬೈದು ಎದ್ದು ಬರಬಹುದಿತ್ತು. ಅವರು ದೈವಭಕ್ತರು, ಅದರಲ್ಲೂ ದಸರೆಯ ಆಯುಧಪೂಜೆ ಬಂದರೆ ಅಂಗಡಿಯನ್ನು ದೇವಸ್ಥಾನ ಮಾಡಿಬಿಡುತ್ತಾರೆ. ಮಶೀನುಗಳಿಗೆ ಎಣ್ಣೆ ಬಿಟ್ಟು ಒರೆಸಿ, ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಕತ್ತರಿ ಟೇಪುಗಳನ್ನು ತಟ್ಟೆಯಲ್ಲಿ ಜೋಡಿಸಿ, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಯಬೇಕು. ಒರೆಸುವವರು, ಉಜ್ಜುವವರು, ತೋರಣ ಕಟ್ಟುವವರು ನಾವೇ. ಕೊನೆಗೆ ಕಡ್ಲೆಪುರಿ ಪೊಟ್ಟಣ ಹಿಡಿದು ಮನೆಗೆ ಹೋದರೆ ಸೊಂಟ ನೆಟ್ಟಗೆ ನಿಲ್ಲುವುದಿಲ್ಲ.

ಪೂಜೆ ಆದ ಮೇಲೆ ಮಶೀನು ಮುಟ್ಟುವ ಹಾಗಿಲ್ಲ. ಹೊಲಿಯುವುದಕ್ಕೆ ನಮ್ಮ ಕಡೆ ಮಶೀನ್ ತುಳಿಯೋದು ಅಂತಲೇ ಹೇಳುವುದು. ಈಗ ಮೋಟರು ಬಂದಿದೆ, ಆದರೂ ಪೆಡಲು ಒತ್ತುವುದು ಕಾಲಿನಲ್ಲೇ. ಪೂಜೆಯಾದ ಮಶೀನು ಲಕ್ಷ್ಮಿ, ಲಕ್ಷ್ಮಿಯನ್ನು ತುಳಿಯುವುದುಂಟೇ? ಮಾರನೇ ದಿನ ಬೆಳಿಗ್ಗೆ, ಪೂಜೆ ಮಾಡಿದವರೇ ಕೈ ಮುಗಿದು, ಹೂವನ್ನು ಒಂದಿಷ್ಟು ಅಲ್ಲಾಡಿಸಿ ಪಕ್ಕಕ್ಕೆ ಸರಿಸಬೇಕು. ಅದಕ್ಕೆ ಕದಲಿಸೋದು ಅನ್ನುತ್ತಾರೆ. ಕದಲಿಸಿದ ಮೇಲೆಯೇ ಕೆಲಸ. ಯಜಮಾನರ ತಂದೆ ಒಂದು ಸಲ ಕದಲಿಸುವ ಮೊದಲೇ ಯಾರದೋ ಅವಸರಕ್ಕೆ ಮಶೀನು ತುಳಿದು, ಸೂಜಿ ಬೆರಳಿನೊಳಕ್ಕೇ ಇಳಿದಿತ್ತಂತೆ. ಆ ಕಥೆಯನ್ನು ಇವರು ಪ್ರತಿ ದಸರೆಗೂ ತಮ್ಮ ಬೆರಳು ಹಿಡಿದುಕೊಂಡು ಹೇಳುತ್ತಾರೆ. ಮದುಮಗಳ ಮನೆಯವರು ಬಂದು ಒಂದೇ ಒಂದು ಕೊಕ್ಕೆ ಹಾಕಿಕೊಡಿ ಅಂತ ಗೋಗರೆದರೂ ಆ ದಿನ ಸೂಜಿ ಮುಟ್ಟಿದವರಲ್ಲ.

ಹೋದ ವರ್ಷ ಏಪ್ರಿಲ್ ಕೊನೆ. ಮದುವೆ ಕಾಲ. ನೇತುಹಾಕಿದ ಬ್ಲೌಸುಗಳ ನಡುವೆ ನಮ್ಮ ಮುಖ ಕಾಣುತ್ತಿರಲಿಲ್ಲ. ವಾರಗಟ್ಟಲೆ ಭಾನುವಾರವೂ ಇರಲಿಲ್ಲ. ದೊಡ್ಡಕ್ಕನ ಪಾದ ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವಳು ಎದ್ದು ಕೌಂಟರಿನ ಹತ್ತಿರ ಹೋಗಿ ನಿಂತಳು.

"ಯಜಮಾನ್ರೇ, ಬರೋ ಗುರುವಾರ ಒಂದ್ನೇ ತಾರೀಕು. ಅವತ್ತು ರಜಾ ಕೊಡಿ. ಎಲ್ಲಾರ್ಗೂ. ಕಾನೂನಲ್ಲೇ ಅದೆ."

ಯಜಮಾನರು ಕತ್ತರಿ ನಿಲ್ಲಿಸದೆ ನಕ್ಕರು. "ಕಾನೂನು ಬೇರೆ ಶುರು ಮಾಡಿದ್ಯಾ? ನಿಮಗೆ ಆಯುಧಪೂಜೆಗೆ ರಜೆ ಕೊಡ್ತೀನಲ್ಲಮ್ಮ, ಕಡ್ಲೆಪುರಿ ಸಮೇತ. ನಮ್ಮ ದೇಶದಲ್ಲಿ ಅದೇ ಕಾರ್ಮಿಕರ ದಿನ. ಅಮೆರಿಕದೋರದ್ದು ನಮಗ್ಯಾಕೆ?"

"ಅದು ಮಶೀನಿನ್ ಅಬ್ಬ ಯಜಮಾನ್ರೇ. ಮನುಷ್ರುದ್ ಯಾವತ್ತು?"

ಬ್ಲೌಸ್ ಪಡೆಯಲು ಬಂದಿದ್ದ ಗಿರಾಕಿಯೊಬ್ಬರು ಪಕ್ಕ್ ಅಂತ ನಕ್ಕುಬಿಟ್ಟರು. ಅಷ್ಟೇ ನೋಡಿ. ನಮ್ಮೆದುರು ಏನು ಹೇಳಿದರೂ ನುಂಗಿಕೊಳ್ಳುವ ಮನುಷ್ಯ, ಗಿರಾಕಿ ನಕ್ಕರೆ ಕಿವಿಯವರೆಗೆ ಕೆಂಪಾಗುತ್ತಾರೆ.

"ರಜೆ ತಗೊಂಡು ಅವತ್ತೇನು ಕಡಿದು ಕಟ್ಟೆ ಹಾಕ್ತೀಯ ನೀನು?" ಅಂದರು.

"ಏನೂ ಇಲ್ಲ. ಸುಮ್ನೆ ಕೂತ್ಕತೀನಿ."

"ಸುಮ್ಮನೆ ಕೂರೋಕೆ ರಜೆ! ಸರಿ, ತಗೋ. ಒಂದನೇ ತಾರೀಕಿಂದ ನಿನಗೆ ಪೂರ್ತಿ ರಜೆ. ದಿನಾ ಸುಮ್ಮನೆ ಕೂತ್ಕೋ. ಈ ಕಡೆ ಕೆಲಸಕ್ಕೆ ಬರಬೇಡ."

ದೊಡ್ಡಕ್ಕ ವಾಪಸ್ಸು ಬಂದು ಮಶೀನಿನ ಮುಂದೆ ಕೂತು, ಅರ್ಧಕ್ಕೆ ನಿಂತಿದ್ದ ತೋಳನ್ನು ಮುಗಿಸಿದಳು. ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಸಂಜೆ ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡು, "ಮೊಮ್ಮಗಳ್ಗೆ ಏನ್ ಏಳ್ಲಿ ಕಣಮ್ಮ?" ಅಂದಳು. ಅದೊಂದೇ ಮಾತು. ಯಜಮಾನರು ಎರಡು ದಿನದಲ್ಲಿ ತಣ್ಣಗಾಗುತ್ತಾರೆ ಅಂತ ನಾವು ಕಾದೆವು. ಅವರು ಆಗಲಿಲ್ಲ. ಬದಲಿಗೆ ಕಿಟಕಿ ಪಕ್ಕದ ಮಶೀನಿಗೆ ಹೊಸಬರು ಬೇಕು ಅಂತ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದುದು ನಮ್ಮ ಕಿವಿಗೇ ಬಿತ್ತು.

ಬುಧವಾರ ಊಟದ ಹೊತ್ತಿನಲ್ಲಿ ಆಪಾ ಡಬ್ಬಿ ಮುಚ್ಚುತ್ತಾ, "ಮುಂದಿನ ಜನ್ಮ ಇದ್ರೆ ಈ ಅಂಗಡೀಲಿ ಮಶೀನಾಗಿ ಹುಟ್ಟಬೇಕು ಕಣೆ. ಎಣ್ಣೆ ಹಾಕ್ತಾರೆ, ಹೂ ಹಾಕ್ತಾರೆ, ಕುಂಕುಮ ಬಿದ್ರೆ ಯಾರೂ ಮುಟ್ಟಲ್ಲ" ಅಂದರು. ಅವರು ತಮಾಷೆಗೆ ಅಂದದ್ದು. ನನ್ನ ತಲೆಯಲ್ಲಿ ಅದು ಗಿರ್ರೆಂದು ತಿರುಗಿತು. ಕುಂಕುಮ ಬಿದ್ದರೆ ಯಾರೂ ಮುಟ್ಟಲ್ಲ. ಹೌದಲ್ಲ! ದಸರೆಯಲ್ಲೇ ಬೀಳಬೇಕು ಅಂತ ಯಾವ ದೇವರು ಹೇಳಿದ್ದಾನೆ?

ದೊಡ್ಡಕ್ಕನಿಗೆ ಹೇಳಿದಾಗ ಮೊದಲು ಬೆಚ್ಚಿದಳು. "ದೇವ್ರು ಮೆಚ್ಚಲ್ಲ ಕಣೆ" ಅಂದಳು. ಆಮೇಲೆ ತಾನೇ, "ಕೆಲ್ಸಕ್ ಬರ್ಬೇಡ ಅಂದವ್ರೆ. ಪೂಜೆಗ್ ಬರ್ಬೇಡ ಅಂದಿಲ್ವಲ್ಲ" ಅಂದಳು. ಆ ಮಾತಿಗೆ ಆಪಾ ಅವಳ ಬೆನ್ನಿನ ಮೇಲೆ ಗುದ್ದಿ ನಕ್ಕರು.

ಗುರುವಾರ ಬೆಳಿಗ್ಗೆಯೇ ದೇವರಾಜ ಮಾರುಕಟ್ಟೆಗೆ ಹೋದೆ. ಬೂದುಗುಂಬಳಕಾಯಿ, ಮಲ್ಲಿಗೆ, ಬಾಳೆಹಣ್ಣು. ಸೇವಂತಿಗೆ ಬಾಡಿದ್ದು ಮಾತ್ರ ಸಿಕ್ಕಿತು. ಹೂವಿನವಳು ನನ್ನ ಕೈಯಲ್ಲಿದ್ದ ಕಾಯಿ ನೋಡಿ, "ಏನಕ್ಕಾ, ದಸರಾ ಈಗ್ಲೇ ಬಂದ್ಬುಡ್ತಾ?" ಅಂದಳು. "ನಮ್ಗೆ ಬಂದ್ಬುಡ್ತು ಕಣಮ್ಮ" ಅಂದೆ. ಅಂಗಡಿ ಬಾಗಿಲು ತೆಗೆದು ಮಶೀನುಗಳನ್ನು ದಸರೆಯಲ್ಲಿ ಒರೆಸಿದ್ದಕ್ಕಿಂತ ಚೆನ್ನಾಗಿ ಒರೆಸಿದೆವು. ಪೂಜೆ ಮಾಡಿದ್ದು ದೊಡ್ಡಕ್ಕ. ಮಡಿಸೀರೆ ಉಟ್ಟು ಬಂದಿದ್ದಳು. ಒಂದೊಂದು ಮಶೀನಿಗೂ ಕುಂಕುಮ ಇಟ್ಟು, ಹೂ ಮುಡಿಸಿ, ಕಣ್ಣಿಗೊತ್ತಿಕೊಂಡಳು. ಯಜಮಾನರ ದೊಡ್ಡ ಕತ್ತರಿಯನ್ನೂ ಬಿಡಲಿಲ್ಲ, ಅದಕ್ಕೂ ಒಂದು ಮಲ್ಲಿಗೆ ತುಂಡು. ಆಟಕ್ಕೆ ಮಾಡಿದ ಪೂಜೆಯಲ್ಲ ಅದು. ಅವಳು ಮಂಗಳಾರತಿ ಎತ್ತಿದಾಗ ನಾನೂ ಕೈ ಮುಗಿದೆ. ಆಪಾ ಸೆರಗು ತಲೆಗೆ ಎಳೆದುಕೊಂಡು ಒಂದು ಪಕ್ಕದಲ್ಲಿ ನಿಂತಿದ್ದರು. ಕುಂಬಳಕಾಯಿಯನ್ನು ಬಾಗಿಲಲ್ಲಿ ನಾನೇ ಒಡೆದೆ, ಸಿಟ್ಟೆಲ್ಲ ಕೈಗೆ ತಂದುಕೊಂಡು.

ಯಜಮಾನರು ಮೆಟ್ಟಿಲು ಹತ್ತಿ ಬಂದವರು ಕುಂಕುಮ ಮೆತ್ತಿದ ಹೋಳುಗಳನ್ನು ದಾಟಲಾರದೆ ಹೊಸಿಲಾಚೆಯೇ ನಿಂತರು. ಮಶೀನುಗಳನ್ನು ನೋಡಿದರು. ಚಾಪೆ ಹಾಸಿ ಕೂತಿದ್ದ ನಮ್ಮನ್ನು ನೋಡಿದರು. ದೊಡ್ಡಕ್ಕನನ್ನು ನೋಡಿದರು.

"ಏನಿದು?"

"ಪೂಜೆ ಯಜಮಾನ್ರೇ" ಅಂದೆ. "ಮೇ ಒಂದಲ್ವಾ?"

"ತಲೆ ಕೆಟ್ಟಿದ್ಯಾ ನಿಮಗೆ? ನಾಳೆ ಡೆಲಿವರಿ ಇದೆ! ತೆಗೀರಿ ಹೂವಾ!"

ಯಾರೂ ಅಲ್ಲಾಡಲಿಲ್ಲ. ಅವರೇ ಧುಮುಗುಟ್ಟುತ್ತ ಒಳಗೆ ಬಂದು ನನ್ನ ಮಶೀನಿನ ಹೂವಿಗೆ ಕೈ ಚಾಚಿದರು. ಕೈ ಅರ್ಧದಲ್ಲೇ ನಿಂತಿತು. ಅವರು ಕೈ ಹಿಂದಕ್ಕೆ ತೆಗೆದುಕೊಂಡು, ದಸರೆಯ ಕಥೆ ಹೇಳುವಾಗ ಹಿಡಿಯುವ ಆ ಬೆರಳನ್ನೇ ಹಿಡಿದುಕೊಂಡರು. ಆಮೇಲೆ ಆಪಾ ಕಡೆ ತಿರುಗಿ ದನಿ ಇಳಿಸಿ, "ನಿಮಗೇನಮ್ಮ, ನಿಮ್ಮಲ್ಲಿ ಇದೆಲ್ಲ ಇಲ್ಲವಲ್ಲ. ನೀವಾದ್ರೂ ತುಳೀರಿ" ಅಂದರು.

"ನನ್ನ ಮಶೀನಿಗೂ ಕುಂಕುಮ ಬಿದ್ದುಬಿಟ್ಟಿದೆ ಯಜಮಾನ್ರೇ. ನಿಮ್ಮ ದೇವರ ಹತ್ರ ಜಗಳ ನನಗ್ಯಾಕೆ?" ಅಂದರು ಆಪಾ, ಬಾಳೆಹಣ್ಣು ಸುಲಿಯುತ್ತಾ.

ಯಜಮಾನರು ತಮ್ಮ ಪುರೋಹಿತರಿಗೆ ಫೋನ್ ಮಾಡಿದರು. ಹೆಂಗಸರು ಮಾಡಿದ ಪೂಜೆ, ಹೊತ್ತಲ್ಲದ ಹೊತ್ತಿನ ಪೂಜೆ, ಲೆಕ್ಕಕ್ಕಿಲ್ಲ ಅಂತ ಅವರ ಬಾಯಲ್ಲಿ ಹೇಳಿಸಬೇಕು ಅಂತ ಆಸೆ. ಗಾಬರಿಯಲ್ಲಿ ಸ್ಪೀಕರ್ ಒತ್ತಿಬಿಟ್ಟಿದ್ದರು. ಪುರೋಹಿತರ ದನಿ ಅಂಗಡಿಯೆಲ್ಲ ತುಂಬಿತು. "ಭಕ್ತಿಯಿಂದ ಮಾಡಿದ್ದಾರೆ ತಾನೇ? ಕಾಯಿ ಒಡೆದಾಯ್ತು, ಆರತಿ ಆಯ್ತು. ಇನ್ನೇನ್ರೀ? ಮಾಡಿದ ಕೈಯಲ್ಲೇ ಕದಲಿಸಬೇಕು." ಯಜಮಾನರು, "ಆಯ್ತು ಸ್ವಾಮಿ, ನಾಳೆ ಬೆಳಿಗ್ಗೆ..." ಅನ್ನುವಷ್ಟರಲ್ಲಿ ಅವರೇ ತಡೆದರು. "ನಾಳೆ ಶುಕ್ರವಾರ ಅಲ್ವೇನ್ರೀ! ಶುಕ್ರವಾರ ಲಕ್ಷ್ಮೀನ ಕದಲಿಸ್ತಾರಾ ಯಾರಾದ್ರೂ? ಶನಿವಾರ ಮಾಡಿಸಿ."

ದೇವರಾಣೆಗೂ ಇದನ್ನು ನಾವು ಯೋಚಿಸಿರಲಿಲ್ಲ. ನಾವು ಕೇಳಿದ್ದು ಒಂದು ದಿನ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಪಾ ಬಾಳೆಹಣ್ಣು ನೆತ್ತಿಗೇರಿ ಕೆಮ್ಮಿದರು. ಯಜಮಾನರು ಇಂಗು ತಿಂದ ಮಂಗನ ಹಾಗೆ ಫೋನು ಹಿಡಿದುಕೊಂಡು ನಿಂತಿದ್ದರು. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ನಾವು ಪ್ರಸಾದ ಹಂಚಿಕೊಂಡು, ಅವರಿಗೂ ಕೊಟ್ಟು, ಬೀಗದ ಕೈಯನ್ನು ಕೌಂಟರಿನ ಮೇಲಿಟ್ಟು ಕೆಳಗಿಳಿದೆವು. ಮೂವರ ಕೆಲಸವೂ ಹೋಗಬಹುದಿತ್ತು.

ಶುಕ್ರವಾರ ಸಂಜೆ ಯಜಮಾನರು ನಮ್ಮ ಗಲ್ಲಿಗೇ ಬಂದರು. ಎರಡು ದಿನ ಗಿರಾಕಿಗಳ ಕೈಲಿ ಬೈಸಿಕೊಂಡ ಮುಖ. ಸ್ಕೂಟರಿನಿಂದ ಇಳಿಯದೆ, "ಅವಳಿಗೆ ಹೇಳು, ಬೆಳಿಗ್ಗೆ ಬಂದು ಕದಲಿಸಿ ಹೋಗಲಿ" ಅಂದರು.

"ನೀವೇ ಹೇಳಿ ಯಜಮಾನ್ರೇ. ಬರಬೇಡ ಅಂದೋರು ನೀವು" ಅಂದೆ. ನನಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಅವರು ನನ್ನನ್ನು ದುರುಗುಟ್ಟಿ ನೋಡಿ, ಸ್ಕೂಟರನ್ನು ದೊಡ್ಡಕ್ಕನ ಮನೆಯ ಕಡೆಗೆ ತಿರುಗಿಸಿದರು.

ಶನಿವಾರ ದೊಡ್ಡಕ್ಕ ಬಂದಳು. ನೇರವಾಗಿ ಹೋಗಿ ಕಿಟಕಿಯ ಪಕ್ಕದ ತನ್ನ ಸ್ಟೂಲನ್ನು ಎಳೆದುಕೊಂಡು ಕೂತಳು. ಮಲ್ಲಿಗೆ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು.

"ಕದಲಿಸಮ್ಮ" ಅಂದರು ಯಜಮಾನರು.

ಅವಳು ಹೂವಿನ ಮೇಲೆ ಕೈಯಿಟ್ಟಳು, ಅಲ್ಲಾಡಿಸಲಿಲ್ಲ. "ಮೊದ್ಲು ಏಳ್ಬುಡಿ. ನಾನು ಕದಲ್ಸಕ್ ಬಂದೋಳೋ, ಒಲಿಯಕ್ ಬಂದೋಳೋ?"

ಯಜಮಾನರು ಟೇಪನ್ನು ಕತ್ತಿನಿಂದ ತೆಗೆದು ಮತ್ತೆ ಕತ್ತಿಗೇ ಹಾಕಿಕೊಂಡರು.

"ಹೊಲಿಯೋಕೆ ಕಣಮ್ಮ. ದಿನಾ ಬಾ."

"ಅಂಗಾದ್ರೆ ಸರಿ." ಹೂವನ್ನು ಮೆಲ್ಲಗೆ ಅಲ್ಲಾಡಿಸಿ ಪಕ್ಕಕ್ಕೆ ಸರಿಸಿದಳು. "ಬರೋ ವರ್ಸ ನಮ್ ಕೈಲಿ ಪೂಜೆ ಮಾಡುಸ್ಬೇಡಿ ಯಜಮಾನ್ರೇ. ಸುಮ್ನೆ ರಜಾ ಕೊಟ್ಬುಡಿ." ಆಮೇಲೆ ಸೂಜಿಯನ್ನು ನನ್ನ ಕಡೆ ಚಾಚಿದಳು. ನಾನು ದಾರ ಪೋಣಿಸಿ ಕೊಟ್ಟೆ.

ಈ ವರ್ಷ ರಜೆ ಕೊಟ್ಟರು. ಕೊಡದೆ ಏನು ಮಾಡುತ್ತಾರೆ, ಮೇ ಒಂದು ಶುಕ್ರವಾರವೇ ಬಿದ್ದಿತ್ತು! ಗುರುವಾರ ಸಂಜೆಯೇ ನಾವು ಕುಂಕುಮ ಇಟ್ಟುಬಿಟ್ಟರೆ ಶನಿವಾರದವರೆಗೆ ಯಾರೂ ಕದಲಿಸುವ ಹಾಗಿಲ್ಲವಲ್ಲ. ಆ ಸ್ಟೇಟಸ್ಸಿಗೆ ನಾನು ಒಂದು ಕುಂಬಳಕಾಯಿಯ ಚಿತ್ರ ಕಳಿಸಿದೆ. ಅವರು ನೋಡಿದ್ದಕ್ಕೆ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮಧ್ಯಾಹ್ನ ದೊಡ್ಡಕ್ಕನ ಮನೆಗೆ ಹೋದರೆ ಅವಳು ಬಾಗಿಲ ಮುಂದಿನ ಕಟ್ಟೆಯ ಮೇಲೆ ಊದಿದ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ಸೊಪ್ಪಿಲ್ಲ, ಮೊರವಿಲ್ಲ, ಬತ್ತಿ ಹೊಸೆಯಲು ಹತ್ತಿಯೂ ಇಲ್ಲ. ಅವಳನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು, ಕೂತೆ.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಯಜಮಾನರು. "ಒಂದೇ ಒಂದು ಬ್ಲೌಸ್ ಕಣಮ್ಮ, ತೋಳು ಬಿಗಿಯಂತೆ, ಅರ್ಜೆಂಟು. ದೊಡ್ಡಕ್ಕ ಎಲ್ಲಿದ್ದಾಳೆ? ಸ್ವಲ್ಪ ಬಂದು ಹೋಗೋಕೆ ಹೇಳು."

ಫೋನಿಗೆ ಕೈ ಅಡ್ಡ ಹಿಡಿದು ಹೇಳಿದೆ. ದೊಡ್ಡಕ್ಕ ಕಾಲು ಕೂಡ ಮಡಚಲಿಲ್ಲ.

"ಕೆಲ್ಸ ಅದೆ ಅಂದ್ಬುಡು."

"ಏನು ಕೆಲಸ ಅಂತಾರಲ್ಲಕ್ಕಾ?"

"ಕೂತ್ಕಂಡಿರಾದು" ಅಂದಳು.

ನಾನು ಹಾಗೆಯೇ ಹೇಳಿದೆ.